ಆರುನೂರ ಹನ್ನೆರಡಕ್ಕೆ ಆರುನೂರ ಹನ್ನೆರಡು

ತನ್ನ ತಾಯಿಯ ಗೋರಿಯನ್ನು ಒಗಾಡ ಉತ್ತು ಮೆಕ್ಕೆಜೋಳ ಬಿತ್ತಿದ ದಿನವೇ ಅವನನ್ನು ಕೊಲ್ಲಬೇಕೆಂದು ಒಬಿಯೆರೊ ತೀರ್ಮಾನಿಸಿದ. ಒಗಾಡ ಅಪ್ಪನ ಹಿರಿಯ ಹೆಂಡತಿಯ ಮಗ. ಕೇಳಲು ಹೋದರೆ, “ನಿಮ್ಮಮ್ಮ ಗೊಬ್ಬರಕ್ಕಾದ್ರೂ ಆಗ್ಲಿ ಬಿಡೋ” ಎಂದು ಜನರೆದುರು ನಕ್ಕಿದ್ದ.

ಕೊಲ್ಲುವುದು ದೊಡ್ಡ ಮಾತಲ್ಲ, ಸಿಕ್ಕಿಬೀಳಬಾರದು. ಅಧ್ಯಕ್ಷರ ಚುನಾವಣೆಯ ದಿನವೇ ಸರಿ ಎಂದು ಗೊತ್ತುಮಾಡಿಕೊಂಡ. ವಿಕ್ಟೋರಿಯಾ ಸರೋವರದ ದಡದ ಆ ಊರಿನಲ್ಲಿ ಎದುರು ಪಕ್ಷಕ್ಕೆ ಯಾವತ್ತೂ ಸೊನ್ನೆಯೇ. ಅಂದು ಬೆಳಿಗ್ಗೆ ಊರಿಗೆ ಊರೇ ಹಾಡುತ್ತ ಶಾಲೆಯ ಮುಂದೆ ಸಾಲು ನಿಲ್ಲುತ್ತದೆ. ಕುಂಟುಗಾಲಿನ ಒಗಾಡ ಮಾತ್ರ ಅಂಗಳದಲ್ಲಿ ಕೂತು ಗಂಜಿ ಕುಡಿಯುತ್ತಾನೆ. ಅವನನ್ನು ಕರೆಯಲು ಯಾರೂ ಬರುವುದಿಲ್ಲ. ಮತಗಟ್ಟೆಯ ಅವಿನೊ ಟೀಚರ್ ಅವನ ಹೆಸರಿಗೆ ತಾನೇ ಗೀಟು ಎಳೆದು, ಓಟನ್ನೂ ಪೆಟ್ಟಿಗೆಗೆ ಇಳಿಸುತ್ತಾಳೆ. ಸತ್ತವರದನ್ನೂ ಬಿಟ್ಟವಳಲ್ಲ.

ಒಬಿಯೆರೊ ಇದ್ದದ್ದು ಕಿಸುಮು ಪೇಟೆಯ ಬಾಡಿಗೆ ಕೋಣೆಯಲ್ಲಿ. ಮಲೇರಿಯಾ ಎಂದು ಹಿಂದಿನ ದಿನವೇ ಮಲಗಿದ. ಚುನಾವಣೆಯ ಬೆಳಿಗ್ಗೆ ಮನೆಯೊಡತಿಯ ಕೈಯಿಂದ ಚಹಾ ಇಸಿದುಕೊಂಡು ಚೆನ್ನಾಗಿ ನರಳಿ ತೋರಿಸಿದ. ಬಾಗಿಲು ಹಾಕಿ, ರೇಡಿಯೊ ಹಚ್ಚಿಟ್ಟು, ಹಿಂದಿನ ಕಿಟಕಿಯಿಂದ ಇಳಿದ. ಹತ್ತೂವರೆಗೆ ಒಗಾಡ ಗಂಜಿಯ ಬಟ್ಟಲ ಮೇಲೆ ಬೋರಲು ಬಿದ್ದಿದ್ದ. ಮಚ್ಚು ಸರೋವರದ ಪಾಲಾಯಿತು. ಊಟದ ಹೊತ್ತಿಗೆ ಒಬಿಯೆರೊ ಮತ್ತೆ ಹಾಸಿಗೆಯಲ್ಲಿದ್ದ. ಪಶ್ಚಾತ್ತಾಪವೇನೂ ಇಲ್ಲ, ಹೊಟ್ಟೆ ತಣ್ಣಗಾಗಿತ್ತು.

ಮಾರನೆಯ ದಿನ ಮನೆಯೊಡತಿ ಮೀನುಸಾರು ತಂದಿಟ್ಟು, “ನಿಮ್ಮೂರಲ್ಲಿ ಆರ್ನೂರ ಹನ್ನೆರಡಕ್ಕೆ ಆರ್ನೂರ ಹನ್ನೆರಡಂತೆ ಕಣಪ್ಪಾ! ಒಬ್ರೂ ತಪ್ಪಿಸ್ಕೊಂಡಿಲ್ವಾ?” ಎಂದಳು.

“ನಮ್ಮೂರು ಅಂದ್ರೆ ಸುಮ್ನೇನಾ ಅಮ್ಮಾ!” ಎಂದು ಒಬಿಯೆರೊ ಜೋರಾಗಿ ನಕ್ಕ.

ಮೂರನೆಯ ವಾರ ಇನ್ಸ್‌ಪೆಕ್ಟರ್ ಮುಸಿಮಿ ಅವನನ್ನು ಊರ ಶಾಲೆಗೆ ಕರೆಸಿದ. ಚುನಾವಣೆಯಂದು ಊರ ಕಡೆ ತಲೆಹಾಕಿಯೂ ಮಲಗಿಲ್ಲ, ಮನೆಯೊಡತಿಯೇ ಸಾಕ್ಷಿ ಎಂದು ಒಬಿಯೆರೊ ಬಾಯಿಪಾಠ ಒಪ್ಪಿಸಿದ.

“ಆಯಮ್ಮ ನೋಡಿದ್ದು ಮುಚ್ಚಿದ ಬಾಗಿಲನ್ನ” ಎಂದ ಮುಸಿಮಿ, ಮತದಾರರ ಪಟ್ಟಿ ಬಿಚ್ಚಿ ಬೆರಳಿಟ್ಟ. ಒಬಿಯೆರೊ, ಅವನ ಕೆಳಗೇ ಒಗಾಡ. ಎರಡು ಹೆಸರಿಗೂ ನೀಟಾದ ಗೀಟು. “ಮತ್ತೆ ಇಲ್ಲಿ ಬಂದು ಓಟು ಹಾಕಿದ್ದು ನಿನ್ನ ದೆವ್ವಾನಾ?” ಒಬಿಯೆರೊ ಪಕ್ಕದಲ್ಲೇ ನಿಂತಿದ್ದ ಅವಿನೊ ಟೀಚರ್ ಕಡೆ ತಿರುಗಿದ. “ಟೀಚರ್, ನಿಜ ಹೇಳಿ! ನನ್ನ ಓಟು ನೀವೇ ಹಾಕಿದ್ದು ತಾನೆ?” ಎಂದು ಕೂಗಿಕೊಂಡ. ಹೌದೆಂದರೆ ಆರುನೂರ ಹನ್ನೆರಡೂ ಮಣ್ಣುಪಾಲು. ಅವಿನೊ ಟೀಚರ್ ಅವನ ಮುಖ ದಿಟ್ಟಿಸಿ ನೋಡಿ, “ಬಂದಿದ್ದ ಸಾರ್. ಬೆರಳಿಗೆ ಶಾಯಿ ಹಚ್ಚಿದ್ದೂ ನಾನೇ” ಎಂದಳು. ಕಿಟಕಿಯಲ್ಲಿ ನಿಂತಿದ್ದ ಊರವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.