ವಾಪಸ್ ದಾರಿಯ ತೂಕ

"ಒಳಗೆ ಎಷ್ಟು ಜನ ಇದ್ದೀರಾ?"

ಬಾಗಿಲಿನ ಆಚೆಯಿಂದ ಒಂದು ಗಂಡು ದನಿ. ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ಲಿಫ್ಟ್ ನಿಂತು ಇಪ್ಪತ್ತು ನಿಮಿಷವಾಗಿತ್ತು. ಲೈಟೂ ಆರಿತ್ತು. ಅವಳ ಕೈಯಲ್ಲಿ ಅಂದೇ ತಯಾರಾದ ಒಂದು ಸೆಟ್ ಕೃತಕ ಹಲ್ಲು.

"ಒಬ್ಬಳೇ..."

"ತೂಕ ಎಷ್ಟು?"

ಉಸಿರು ಕಟ್ಟುತ್ತಿದ್ದರೂ ಅವಳಿಗೆ ರೇಗಿತು. "ಅದೆಲ್ಲ ನಿಮಗ್ಯಾಕ್ರೀ? ಮೊದ್ಲು ಬಾಗಿಲು ತೆಗೀರಿ."

"ಸರಿ, ಹೇಳ್ಬೇಡಿ. ಹೆದರ್ಬೇಡಿ ಅಷ್ಟೇ. ನೀವು ಹೊರಗೆ ಬರೋವರೆಗೂ ನಾನು ಇಲ್ಲಿಂದ ಕದಲಲ್ಲ."

ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಹೊರಗೆ ಬಂದವಳು ಥ್ಯಾಂಕ್ಸ್ ಹೇಳಲಿಲ್ಲ. ಮೈಕೈಯೆಲ್ಲ ಗ್ರೀಸ್ ಮಾಡಿಕೊಂಡು ನಿಂತಿದ್ದವನನ್ನು ನೋಡಿ, "ಇನ್ನೂ ಇಲ್ಲೇ ಇದ್ದೀರಾ?" ಎಂದಳು.

ಐದನೇ ಮಹಡಿಯ ಲ್ಯಾಬ್‌ನಲ್ಲಿ ಕೃತಕ ಹಲ್ಲು ಮಾಡುವ ಈ ಹುಡುಗಿ, ಆ ಲಿಫ್ಟ್ ಮೆಕ್ಯಾನಿಕ್‌ಗೆ ಮನಸೋತದ್ದು ಹೀಗೆ.

ಅದಾಗಿ ವರ್ಷ. ಈಗ ಒಂದು ಭಾನುವಾರದ ಮಧ್ಯಾಹ್ನ, ಇಬ್ಬರೂ ಅವನ ಅಕ್ಕನ ಮನೆಯ ಊಟದ ಮೇಜಿಗೆ ನಕ್ಷೆ ಹರಡಿಕೊಂಡು ಕೂತಿದ್ದರು. ಶನಿವಾರ ಬೆಳಿಗ್ಗೆ ಮಹಾನಗರಕ್ಕೆ ಹೊರಡಬೇಕು. ಕಾರು ಅಕ್ಕನದು, ಎಲೆಕ್ಟ್ರಿಕ್ ಕಾರು. ಅಲ್ಲಿರುವ ಅವಳ ಚಿಕ್ಕಮ್ಮನೆದುರು ನಿಂತು 'ಮದುವೆ ಆಗ್ತೀವಿ' ಎಂದು ಹೇಳುವುದು ಕೆಲಸ. ನಾನೂರ ಹತ್ತು ಕಿಲೋಮೀಟರ್, ಒಂದು ದಿನದ ದಾರಿ. ಅವನು ಅದನ್ನು ಎರಡು ದಿನ ಮಾಡಿದ್ದ.

"ಕೆರೆ ಹತ್ರ ಮೊದಲ ಚಾರ್ಜಿಂಗು, ಮುಕ್ಕಾಲು ಗಂಟೆ. ಆಮೇಲೆ ಬೆಟ್ಟದ ಕೆಳಗೆ. ರಾತ್ರಿ ಒಂದು ಕಡೆ ಉಳ್ಕೊಳ್ಳೋಣ. ಮಾರನೇ ದಿನ ಮತ್ತೆರಡು ಕಡೆ."

"ಇಷ್ಟೊಂದು ಕಡೆ ನಿಲ್ಬೇಕಾ?"

"ನಿಧಾನವೇ ಪ್ರಧಾನ," ಎಂದ ಅವನು. ಮಾತುಮಾತಿಗೂ ನಗುವವನು, ಇದನ್ನು ಮಾತ್ರ ನಗದೆ ಹೇಳಿದ.

ಅವಳ ಬೆರಳು ನಕ್ಷೆಯಲ್ಲಿ ಮಹಾನಗರದ ಹೆಸರಿನ ಮೇಲೆ ನಿಂತಿತು.

ಇದೇ ಊರಿಗೆ, ಹೀಗೇ ನಿಧಾನವಾಗಿ, ಅವಳನ್ನು ಒಬ್ಬರು ಕರೆದುಕೊಂಡು ಹೋಗಿದ್ದರು. ಅವಳಿಗೆ ಆಗ ಏಳು ವರ್ಷ, ಅಮ್ಮ ತೀರಿಕೊಂಡ ವರ್ಷ. 'ಸುತ್ತಾಡ್ಕೊಂಡು ಬರೋಣ ಪುಟ್ಟಿ' ಎಂದ ಅಪ್ಪ, ದಾರಿಯುದ್ದಕ್ಕೂ ಕಾರು ನಿಲ್ಲಿಸಿ ನಿಲ್ಲಿಸಿ, ಕೇಳಿದ್ದನ್ನೆಲ್ಲ ಕೊಡಿಸಿದ್ದರು. ಚಿಕ್ಕಮ್ಮನ ಮನೆ ಬಂದಾಗ, 'ಕೈಕಾಲು ತೊಳ್ಕೊಂಡು ಬಾ' ಎಂದರು. ತೊಳೆದುಕೊಂಡು ಬಂದಾಗ ಗೇಟಿನೆದುರು ಕಾರಿರಲಿಲ್ಲ. ಅಪ್ಪ ಮತ್ತೆ ಬರಲೇ ಇಲ್ಲ.

ಇದನ್ನು ಅವಳು ಅವನಿಗೂ ಹೇಳಿರಲಿಲ್ಲ.

ಛೆ, ಇವನು ಅಂಥವನಲ್ಲ... ಆದರೆ ವಾರದಿಂದ ಫೋನ್ ಬಂದರೆ ಬಾಲ್ಕನಿಗೆ ಯಾಕೆ ಹೋಗುತ್ತಾನೆ? ನಾಲ್ಕು ದಿನದ ಪ್ರಯಾಣಕ್ಕೆ ನನಗೆ ಇಷ್ಟು ದೊಡ್ಡ ಸೂಟ್‌ಕೇಸ್ ಯಾಕೆ ತಂದ? ಬೆಳಿಗ್ಗೆ ಅಕ್ಕ ತಲೆ ಸವರಿ, "ಅಲ್ಲಿ ಹುಷಾರು ಕಣಮ್ಮ" ಎಂದರು. ಹೋಗಿ ಬನ್ನಿ ಎನ್ನಲಿಲ್ಲ. ಹೊರಟವರಿಗೆ ಯಾರಾದರೂ 'ಬನ್ನಿ' ಅನ್ನದೆ ಇರುತ್ತಾರಾ?

ಹಾಗೆ ನೋಡಿದರೆ ಗುಟ್ಟು ಅವಳ ಬಳಿಯೂ ಇತ್ತು. ಅದೇ ಮಹಾನಗರದ ದೊಡ್ಡ ಲ್ಯಾಬ್‌ನಿಂದ ಬಂದ ಕೆಲಸದ ಪತ್ರ ಹತ್ತು ದಿನದಿಂದ ಅವಳ ಕೈಚೀಲದಲ್ಲಿ ಮಡಚಿ ಕೂತಿತ್ತು. ಆರು ತಿಂಗಳ ಹಿಂದೆ ಮಾಲೀಕನ ಮೇಲಿನ ಸಿಟ್ಟಿಗೆ ಅರ್ಜಿ ಹಾಕಿ ಮರೆತಿದ್ದಳು. ಹೂಂ ಅನ್ನಲೋ ಉಹೂಂ ಅನ್ನಲೋ ತಿಳಿಯದೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣವೇ ಕಾಣುವುದು ನಮಗೆಲ್ಲ, ಅವಳನ್ನೊಬ್ಬಳನ್ನೇ ಯಾಕೆ ಅನ್ನಬೇಕು?

"ಟೈರಿಗೆ ಗಾಳಿ ನೋಡಿ ಬರ್ತೀನಿ," ಎಂದು ಅವನು ಕೆಳಗಿಳಿದ.

ಮೇಜಿನ ಮೇಲೆ ಅವನ ನೋಟ್‌ಬುಕ್ ಉಳಿದಿತ್ತು. ಲಿಫ್ಟಿನಲ್ಲಿ 'ಆರು ಜನ, 408 ಕೆಜಿ' ಎಂದು ಫಲಕ ಹಾಕುವವನಿಗೆ, ಕಾರಿಗೂ ತೂಕ ಬರೆಯದಿದ್ದರೆ ನಿದ್ದೆ ಬರುವುದಿಲ್ಲ. 'ಅಷ್ಟು ತೂಕಕ್ಕೆಲ್ಲ ಬ್ಯಾಟರಿ ಹೆದರಲ್ಲ ಕಣೋ' ಎಂದು ಅಕ್ಕ ನಕ್ಕರೂ ಕೇಳಿರಲಿಲ್ಲ. ಅವಳು ಪುಟ ತಿರುಗಿಸಿದಳು.

ಹೋಗುವಾಗ: ಇಬ್ಬರು. ನಾನು 72. ಅವಳು, ಪ್ರಶ್ನಾರ್ಥಕ ಚಿಹ್ನೆ. ಸಾಮಾನು 30.

ಬರುವಾಗ: ಒಬ್ಬರು. 72. ಸಾಮಾನು 6.

ಅವಳು ಮತ್ತೆ ಓದಿದಳು. ಬರುವಾಗ, ಒಬ್ಬರು.  ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಿಗೆ ಬೆಚ್ಚಿ ಕಿಟಕಿಗೆ ಓಡಿದಳು. ಕಾರು ಅಲ್ಲೇ ಇತ್ತು. 

ಅವನು ಮೇಲೆ ಬಂದಾಗ ಅವಳು ನೋಟ್‌ಬುಕ್ಕನ್ನು ಅವನ ಕಡೆ ತಿರುಗಿಸಿದಳು.

"ನನ್ನ ಬಿಟ್ಟು ಬರೋಕೆ ಕರ್ಕೊಂಡು ಹೋಗ್ತಿದ್ದೀಯಾ?"

ಅವನ ಮುಖ ಇಳಿದುಹೋಯಿತು. "ಬಿಟ್ಟು ಹೋಗ್ತಿರೋದು ನೀನಲ್ವಾ?"

"ನಾನಾ?"

"ಹೋದ ವಾರ ನಗರದ ಲ್ಯಾಬ್‌ನೋರು ಫೋನ್ ಮಾಡಿದ್ರು. ಅರ್ಜಿಯಲ್ಲಿ ನನ್ನ ನಂಬರೂ ಕೊಟ್ಟಿದ್ದೆಯಂತೆ. ಒಂದನೇ ತಾರೀಖು ಬಂದು ಸೇರ್ತಾರೆ ತಾನೇ ಅಂತ ಕೇಳಿದ್ರು. ಆಮೇಲೂ ಎರಡು ಸಲ ಮಾಡಿದ್ರು. ನೀನು ನನಗೆ ಒಂದು ಮಾತೂ ಹೇಳಿರ್ಲಿಲ್ಲ... ಹೇಳ್ದೇ ಇದ್ದೀಯ ಅಂದ್ರೆ ಹೋಗೋದು ಗಟ್ಟಿ ಅಂದ್ಕೊಂಡೆ. ಅಕ್ಕಂಗೂ ಹಾಗೇ ಹೇಳ್ದೆ."

"ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ನನ್ನ ಮುಖ ನೋಡಿ ಕೆಲಸ ಬೇಡ ಅಂತಿದ್ದೆ. ಆಮೇಲೆ ಜೀವನವಿಡೀ ಕೊರಗ್ತಿದ್ದೆ. ಅದಕ್ಕೇ ಒಂದು ದಿನದ ದಾರೀನ ಎರಡು ಮಾಡಿದೆ. ಅಷ್ಟಾದ್ರೂ ನಿನ್ನ ಜೊತೆ ಇರೋಣ ಅಂತ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಇಪ್ಪತ್ತು ವರ್ಷ ಯಾರಿಗೂ ಹೇಳದ್ದು ತಾನಾಗಿಯೇ ಹೊರಗೆ ಬಂತು. ಅಪ್ಪ, ಕಾರು, ಒದ್ದೆ ಪಾದದಲ್ಲಿ ಓಡಿಹೋಗಿ ನೋಡಿದ ಖಾಲಿ ಗೇಟು... ಅವನು ನೆಲದ ಮೇಲೆ ಅವಳೆದುರು ಕೂತು ಎಲ್ಲವನ್ನೂ ಕೇಳಿಸಿಕೊಂಡ.

"ಅದಕ್ಕೇನಾ ಅವತ್ತು 'ಇನ್ನೂ ಇಲ್ಲೇ ಇದ್ದೀರಾ' ಅಂದಿದ್ದು?"

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣೀರು ಅವನ ಕೈಮೇಲೆ ಬಿತ್ತು. ಕೈಚೀಲದಿಂದ ಪತ್ರ ತೆಗೆದು ಅವನ ಮುಂದಿಟ್ಟಳು.

"ತಪ್ಪು ನಂದೂ ಇದೆ. ಲ್ಯಾಬ್ ನೋಡ್ತೀನಿ, ನೀನೂ ಬಾ. ಇಷ್ಟವಾದ್ರೆ ಇಬ್ರೂ ಕೂತು ಮಾತಾಡೋಣ. ದೊಡ್ಡ ಊರು, ಲಿಫ್ಟು ಅಲ್ಲೂ ಕೆಡುತ್ತೆ. ಆದ್ರೆ ಏನೇ ಆಗ್ಲಿ, ಈ ಸಲ ನಾನು ವಾಪಸ್ ಬರ್ತೀನಿ."

ಪೆನ್ನು ತೆಗೆದುಕೊಂಡು 'ಒಬ್ಬರು' ಎನ್ನುವುದನ್ನು ಹೊಡೆದುಹಾಕಿ, 'ಇಬ್ಬರು' ಎಂದು ಬರೆದಳು. ಒಂದು ಗಳಿಗೆ ತಡೆದು, ಅದರ ಕೆಳಗೆ 68 ಎಂದು ಬರೆದಳು.

ಅವನು ನೋಡಿಯೇ ನೋಡಿದ. "ವರ್ಷದಿಂದ ಕೇಳ್ತಿದ್ದೀನಿ..."

"ಯಾಕೆ, ಜಾಸ್ತಿ ಆಯ್ತಾ?"

"ಇನ್ನೊಂದು ಕಡೆ ಚಾರ್ಜಿಂಗಿಗೆ ನಿಲ್ಬೇಕಾಗುತ್ತೆ."

"ನಿಲ್ಸು. ಆದ್ರೆ ನಾನು ಕೈಕಾಲು ತೊಳ್ಕೊಂಡು ಬರೋಷ್ಟರಲ್ಲಿ..." 

ಅವನು ಜೇಬಿನಿಂದ ಕಾರಿನ ಕೀ ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ.

"ಪ್ರತಿ ಸಲ ಇಳಿಯುವಾಗ ಇದನ್ನ ತಗೊಂಡೇ ಇಳಿ. ಸರೀನಾ?"

"ನಿನಗೆ ಬೇಡ್ವಾ?"

"ನೀನು ಹೊರಗೆ ಬರೋವರೆಗೂ ನಾನು ಎಲ್ಲಿಗೆ ಹೋಗ್ಲಿ?"