ಅಣ್ಣನ ಅಕ್ಷರವಿದ್ದ ಖೋಟಾ ನಾಣ್ಯ

ಆನ್‌ಲೈನ್ ಹರಾಜಿನಲ್ಲಿ ಖೋಟಾ ನಾಣ್ಯ ಮಾರುವವರನ್ನು ಹಿಡಿಯುವುದರಲ್ಲಿ ನನ್ನದು ಪಳಗಿದ ಕೈ. ಅಸಲಿಯಿಂದ ಅಚ್ಚು ತೆಗೆದರೆ ಅದರ ಗೀರೂ ನಕಲಿಗೆ ಇಳಿಯುತ್ತದೆ. ಆ ಮಧ್ಯಾಹ್ನ ಅಂಚೆಯಲ್ಲಿ ಬಂದ ನಕಲಿಯ ಮೇಲೆ, ನಮ್ಮಣ್ಣ ತನ್ನ ನಾಣ್ಯಕ್ಕೆ ಮೊಳೆಯಿಂದ ಕೊರೆದಿದ್ದ ಸೊಟ್ಟ ಅಕ್ಷರವೇ ಇತ್ತು. ಮೂವತ್ತು ವರ್ಷದ ಹಿಂದೆ, ಇಪ್ಪತ್ತರ ಹರೆಯದಲ್ಲಿ, ಅವನು ಅದನ್ನು ಕೊರಳಿಗೆ ಕಟ್ಟಿಕೊಂಡೇ ಹೊಳೆಪಾಲಾಗಿದ್ದ, ಹೆಣ ಸಿಕ್ಕಿರಲಿಲ್ಲ.

ಮಾರಿದವನಿಗೆ ಫೋನಿನಲ್ಲೇ ಚಳಿ ಬಿಡಿಸಿದೆ. "ಅಸಲಿ ಎಲ್ಲಿಂದ ಬಂತು? ಬೊಗಳು, ಇಲ್ಲಾಂದ್ರೆ ಪೊಲೀಸ್ರಿಗೆ ಹೇಳ್ತೀನಿ."

"ಯಾರೋ ಇಪ್ಪತ್ತರ ಆಸುಪಾಸಿನವನು ಸಾರ್. ಕೊರಳಿಂದ ಬಿಚ್ಚಲ್ಲ, ಬಗ್ಗಿ ಅಚ್ಚಿನ ಮಣ್ಣಿಗೆ ಒತ್ತುತ್ತಾನೆ. ಬಂದಾಗೆಲ್ಲ ನೆಲ ಒದ್ದೆ. ಇಲ್ಲೇ ನಿಂತಿದಾನೆ, ಕೊಡ್ಲಾ?"

"ಕೊಡು" ಎಂದೆ, ಧೈರ್ಯವಾಗಿಯೇ. ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. "ಅಣ್ಣಾ?" ಎಂದೆ. ನಲವತ್ತು ನಿಮಿಷ ನಾನೂ ಫೋನ್ ಇಡಲಿಲ್ಲ, ಆ ಕಡೆಯವರೂ ಇಡಲಿಲ್ಲ.