ಎಸೆಯದ ಹಗ್ಗ

"ಹಗ್ಗ ಎಸಿ ಅಂತ ನಿನಗೆ ಯಾರು ಹೇಳಿದ್ದೋ?"

ಬಂಡೆಯ ಮೇಲೆ ಮಂಡಿಯೂರಿ, ನೀರು ಕಾರುತ್ತಲೇ ಅವಳು ಕಿರುಚಿದಳು. ಕೊರಳಿಗೆ, ಹೆಲ್ಮೆಟ್ಟಿಗೆ, ಕೈಯಲ್ಲಿನ ಹುಟ್ಟಿಗೆ ಹಳದಿ ಹಗ್ಗ ಸುತ್ತಿಕೊಂಡಿತ್ತು.

"ನಿನ್ನ ಕಯಾಕ್ ಮಗುಚಿತ್ತು..."

"ಮಗುಚಿತ್ತು. ನಾನೇನು ಮುಳುಗಿದ್ನಾ? ಸೊಂಟ ತಿರುಗಿಸಿ ದೋಣಿ ಸಮೇತ ಮೇಲೆ ಬರ್ತಿದ್ದೆ. ಅಷ್ಟರಲ್ಲಿ ಬಂತಲ್ಲ ನಿನ್ನ ಪುಣ್ಯದ ಹಗ್ಗ! ಅದು ಸುತ್ತಿಕೊಳ್ಳದಿದ್ರೆ ನಾನು ದೋಣಿ ಬಿಡಬೇಕಾಗಿರಲಿಲ್ಲ."

ಅವನು ತಲೆ ತಗ್ಗಿಸಿದ. ದೋಣಿಯೊಳಗೆ ಇರುವವರ ಮೇಲೆ ಹಗ್ಗ ಎಸೆಯಬಾರದು. ದೋಣಿ ಬಿಟ್ಟು ಈಜುವವರಿಗೆ ಮಾತ್ರ ಅದು. ಹೊಸಬರಿಗೆ ಇದನ್ನು ಕಲಿಸುತ್ತಿದ್ದವನೇ ಅವನು. ಅವನದು ಅಗ್ನಿಶಾಮಕ ದಳದ ಕೆಲಸ. ದಡದಲ್ಲಿ ಒಂಟಿಗಾಲಲ್ಲಿ ನಿಂತು ನೀರು ನೋಡುವ ಚಾಳಿಗೆ ಗೆಳೆಯರು ಅವನನ್ನು ಕೊಕ್ಕರೆ ಎನ್ನುತ್ತಿದ್ದರು. ಅವಳದ್ದು ಬಿರುಕು ಬಿಟ್ಟ ಕಯಾಕುಗಳನ್ನು ಬೆಸೆಯುವ ಶೆಡ್ಡು. ಇಡೀ ಕಮರಿಯನ್ನು ಒಮ್ಮೆಯೂ ದೋಣಿ ಬಿಡದೆ ಇಳಿಯಬೇಕೆಂಬ ಅವಳ ಎಷ್ಟೋ ವರ್ಷಗಳ ಆಸೆ ಈಗಷ್ಟೇ ನೀರುಪಾಲಾಗಿತ್ತು.

ಈ ಕಮರಿಗೆ ಸುಮ್ಮನೆ ಯಾರನ್ನೂ ಬಿಡುತ್ತಿರಲಿಲ್ಲ. ಅಪ್ಪಣೆ ಕೇಳಲು ಹೋದಾಗ ಅಧಿಕಾರಿ ಅವಳ ಮುಖವನ್ನೂ ನೋಡದೆ, "ಈಕೆಯ ಜವಾಬ್ದಾರಿ ಯಾರದ್ರೀ?" ಎಂದಿದ್ದ. "ನಂದೇ ಸಾರ್" ಎಂದಿದ್ದ ಕೊಕ್ಕರೆ. ಅವಳು ಹಲ್ಲು ಕಚ್ಚಿದ್ದಳು. ಹೆಣ್ಣು ನೀರಿಗಿಳಿಯಲು ಸರ್ಕಾರಕ್ಕೂ ಒಬ್ಬ ಗಂಡಸಿನ ಹೆಬ್ಬೆಟ್ಟು ಬೇಕು. ಹೊಳೆ ಮಾತ್ರ ಗಂಡೋ ಹೆಣ್ಣೋ ಎಂದು ವಿಚಾರಿಸಿ ಯಾರನ್ನೂ ಮುಳುಗಿಸಿದ್ದಿಲ್ಲ.

"ನಿಮ್ಮಣ್ಣನಿಗೆ ಮಾತು ಕೊಟ್ಟಿದ್ದೆ ಕಣೇ," ಅವನು ಮೆಲ್ಲಗೆ ಹೇಳಿದ. "ಒಂದು ಗಾಯ ಇಲ್ಲದ ಹಾಗೆ ಕರ್ಕೊಂಡು ಬರ್ತೀನಿ ಅಂತ."

"ಓಹೋ! ಆಫೀಸರಿಗೆ ಮಾತು, ಅಣ್ಣನಿಗೆ ಮಾತು. ನನ್ನ ವಿಷಯದಲ್ಲಿ ನನ್ನೊಬ್ಬಳನ್ನ ಬಿಟ್ಟು ಊರಿಗೆಲ್ಲ ಮಾತು ಕೊಟ್ಟಿದ್ದೀಯಲ್ಲೋ! ಮದುವೆ ಆಗ್ತೀಯಾ ಅಂತ ನನ್ನನ್ನೇ ಕೇಳಿದ್ಯೋ, ಅದನ್ನೂ ಅಣ್ಣನ ಹತ್ರಾನೇ ಮುಗಿಸಿದ್ಯೋ?"

"ನಿನ್ನನ್ನೇ ಕೇಳಿದ್ದು. ನೀನಿನ್ನೂ ಉತ್ತರ ಹೇಳಿಲ್ಲ."

"ಹೇಳ್ತೀನಿ ಕೇಳು. ಹುಟ್ಟಿದಾಗಿನಿಂದ ಎಲ್ರೂ ನನ್ನ ಮೇಲೆ ಹಗ್ಗ ಎಸೆದವರೇ. ಮದುವೆ ಅಂತ ಮನೆಗೂ ಒಂದು ಹಗ್ಗ ಬೇಡ. ಕಮರಿ ದಾಟಿದ ಮೇಲೆ ನೀನ್ಯಾರೋ ನಾನ್ಯಾರೋ."

ಅವನ ಕಿವಿಗಳು ಕೆಂಪಾದವು. ರೆಪ್ಪೆಯ ತುದಿಯಲ್ಲಿ ನಿಂತ ಹನಿ ಬೀಳಲೋ ಬೇಡವೋ ಎಂದು ನಡುಗಿತು. ಇಷ್ಟು ಕೋಪದಲ್ಲೂ ಅದೆಲ್ಲ ಕಣ್ಣಿಗೆ ಬಿದ್ದಿತಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಜಗಳವಾಡಿ ಎದ್ದು ಹೋಗಲು ಅಲ್ಲಿ ದಾರಿಯಿರಲಿಲ್ಲ. ಎರಡೂ ಕಡೆ ಕಡಿದಾದ ಕಲ್ಲುಗೋಡೆ. ಹೋಗುವುದಿದ್ದರೆ ಹೊಳೆಯ ಜೊತೆಗೇ, ಕೆಳಕ್ಕೆ.

ತಿರುವಿನಾಚೆ ಹೊಳೆ ಧುಮುಕುತ್ತಿತ್ತು. ಬುಡದಲ್ಲಿ ಬಿದ್ದದ್ದನ್ನು ಬಿಡದೆ ಹೊರಳಿಸುವ ಬಿಳಿ ನೀರಿನ ಗುಂಡಿ. ಒಬ್ಬರು ಬಂಡೆಗಳ ಮೇಲೆ ತೆವಳಿ ಬುಡಕ್ಕಿಳಿದು, ಹಗ್ಗ ಹಿಡಿದು ಕಾಯಬೇಕು. ಅವನು ಹಗ್ಗದ ಚೀಲವನ್ನು ಅವಳ ಕೈಗಿತ್ತ.

"ಮೊದಲು ನಾನು ಹೋಗ್ತೀನಿ. ನೀನು ನಿಲ್ಲು."

"ಯಾಕೆ, ಕೈ ಸೋತು ಹೋಯ್ತಾ?"

"ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ನಿನ್ನ ಕೈ ಮೇಲಿದೆ."

"ನಾಟಕ!" ಎಂದು ಉಗುಳಿ ಅವಳು ಬುಡಕ್ಕಿಳಿದಳು.

ಅವನು ಧುಮುಕಿದ. ಗುಂಡಿ ಅವನನ್ನು ಹಿಡಿದು ಮಗುಚಿತು. ದೋಣಿಯ ಕೆಂಪು ಹೊಟ್ಟೆಯಷ್ಟೇ ಕಂಡಿತು. ಒಮ್ಮೆ ಏಳಲು ನೋಡಿದ, ಆಗಲಿಲ್ಲ. ಇನ್ನೊಮ್ಮೆ. ಇಲ್ಲ.

ಅವಳ ಕೈ ತಾನಾಗಿ ಎದ್ದಿತು. ಎಸಿ, ಎಸಿ ಎಂದು ಮೈಯೆಲ್ಲ ಕೂಗಿತು. ಅವನಿಗಾದದ್ದೂ ಇದೇನಾ? ಅವಳು ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು, ಅವನನ್ನು, ಅಣ್ಣನನ್ನು, ಅಧಿಕಾರಿಯನ್ನು ಬಾಯಿಗೆ ಬಂದಂತೆ ಬೈದಳು. ಯಾವ ಜಲಪಾತದ ತುದಿಯಲ್ಲೂ ಅವಳು ಇಷ್ಟು ಹೆದರಿರಲಿಲ್ಲ.

ಕೆಂಪು ಹೊಟ್ಟೆ ಹೊರಳಿತು. ಉದ್ದನೆಯ ಮೈ ಮೇಲೆದ್ದಿತು. ಮೂಗಿನಲ್ಲಿ ರಕ್ತ.

ಅವನು ದಡ ಮುಟ್ಟುತ್ತಲೇ ಹಗ್ಗದ ಚೀಲ ಅವನ ಎದೆಗೆ ಬಡಿಯಿತು.

"ಸತ್ತಿದ್ರೆ ನಿನ್ನ ಕೊಂದೇ ಹಾಕ್ತಿದ್ದೆ!"

"ನೀರೊಳಗೂ ಬೈಗುಳ ಕೇಳಿಸ್ತಿತ್ತು. ಅದಕ್ಕೇ ಹೆದರಿ ಎದ್ದೆ."

"ನಗಬೇಡ. ನನಗೂ ಎಸೀಬೇಕು ಅನ್ನಿಸ್ತು ಕಣೋ. ಅನ್ನಿಸೋದು ತಪ್ಪಲ್ಲ, ಎಸೆದದ್ದು ತಪ್ಪು. ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ನಿನ್ನ ಬೈದು ಮುಗಿಸೋಕೆ ಒಂದು ಆಯಸ್ಸು ಬೇಕು. ಅಷ್ಟು ದಿನ ಜೊತೆಗಿರ್ತೀಯಾ?"

ಅವನು ಮೂಗೊರೆಸುವುದನ್ನೂ ಮರೆತು ನೋಡಿದ. "ಇದು... ಉತ್ತರಾನಾ?"

"ಪ್ರಶ್ನೆ. ಮಾತು ಕೊಡೋದಿದ್ರೆ ಈ ಸಲ ನನಗೆ ಕೊಡು. ನಾನು ದೋಣೀಲಿರೋವರೆಗೆ ಎಸೆಯಲ್ಲ ಅಂತ."

"ಕೊಟ್ಟೆ ಕಣೇ."

ಅವಳ ಕೋಪ ಇಳಿದಿರಲಿಲ್ಲ. ಅದನ್ನು ಹೊತ್ತುಕೊಂಡೇ ಬಂಡೆ ಹತ್ತಿ, ಮೇಲೆ ಬಿಟ್ಟು ಬಂದಿದ್ದ ತನ್ನ ದೋಣಿಯೊಳಗೆ ಕೂತು, ಧುಮುಕಿದಳು.

ಗುಂಡಿ ಅವಳನ್ನೂ ಮಗುಚಿತು. ಕತ್ತಲು, ಗದ್ದಲ, ಮೂಗಿಗೆ ನೀರು. ಹಗ್ಗ ಬರಲಿಲ್ಲ. ಸೊಂಟ ತಿರುಗಿಸಿದಳು, ಜಾರಿತು, ಮತ್ತೆ ತಿರುಗಿಸಿದಳು. ಹಗ್ಗ ಬರಲಿಲ್ಲ. ಒಮ್ಮೆಲೇ ಮುಖಕ್ಕೆ ಬೆಳಕು ಹೊಡೆಯಿತು.

ದಡದಲ್ಲಿ ಕೊಕ್ಕರೆ ಹಗ್ಗದ ಚೀಲವನ್ನು ಎದೆಗೊತ್ತಿಕೊಂಡು, ಅಳುತ್ತಾ, ಆ ಹೊಳೆಯ ಏಳು ತಲೆಮಾರನ್ನೂ ಎತ್ತಿ ಬೈಯುತ್ತಿದ್ದ.